ಕತ್ತರಿಸದೆ ಕಳಿಸುತ್ತಿರುವ ಹನ್ನೊಂದು ಜಿಬಿ

ಪ್ರೀತಿಯ ಗುಂಡುಸೂಜಿಗೆ,

ಈ ಹೆಸರಿಗೆ ನಿನಗೆ ಈಗಲೂ ಸಿಟ್ಟು ಬರುತ್ತದೋ ಏನೋ. ಬಂದರೂ ಪರವಾಗಿಲ್ಲ, ಕಾಗದವನ್ನು ಪೂರ್ತಿ ಓದು. ಜೊತೆಗೆ ಬಂದಿರುವ ಹಾರ್ಡ್ ಡಿಸ್ಕ್ ನೀನು ಹೋದ ತಿಂಗಳು ವಾಪಸ್ ಕಳಿಸಿದ್ದೇ. "ಅಷ್ಟು ಸಾಕು ಮಾವ" ಎಂದು ಅದಕ್ಕೊಂದು ಚೀಟಿ ಸುತ್ತಿದ್ದೆಯಲ್ಲ, ಆ ಚೀಟಿಗೆ ಕಾರಣ ನಿನ್ನ ಅಮ್ಮನಲ್ಲ, ನಾನು. ಅದನ್ನು ಒಪ್ಪಿಕೊಳ್ಳುವುದಕ್ಕೇ ಬರೆಯಲು ಕೂತಿದ್ದೇನೆ.

ತನ್ನ ಗಂಟಲಿನ ಆಪರೇಷನ್‌ಗೆ ಎರಡು ದಿನ ಮುಂಚೆ ಅಕ್ಕ, ಅಂದರೆ ನಿನ್ನ ಅಮ್ಮ, ನನ್ನನ್ನು ಕರೆಸಿ, "ಮೊಬೈಲು ತಗೊಂಡು ಬಾರೋ. ದನಿ ಹೋಗೋಕೆ ಮುಂಚೆ ಅವಳಿಗೆ ಕಟಿಂಗ್ ಪೂರ್ತಿ ಹೇಳ್ಬಿಡ್ತೀನಿ. ಹೊಲಿಗೆ ಅಂಗಡಿ ಹಾಕಿದಾಳೆ, ಕಂಕುಳ ಹತ್ರ ಇನ್ನೂ ತಪ್ಪು ಮಾಡ್ತಿರ್ತಾಳೆ," ಎಂದಳು. ಸ್ಟೂಲಿನ ಮೇಲೆ ಗುಂಡಿಯ ಡಬ್ಬಿಗಳನ್ನು ಪೇರಿಸಿ ಮೊಬೈಲ್ ನಿಲ್ಲಿಸಿದೆ. ಎರಡು ಗಂಟೆ ಹದಿನೈದು ನಿಮಿಷ ಒಂದೇ ಸಮನೆ ಮಾತಾಡಿದಳು. ತೋಳಿನ ಸುತ್ತಳತೆ, ಎಲ್ಲಿ ಅರ್ಧ ಇಂಚು ಬಿಡಬೇಕು, ಗಿರಾಕಿ ಹೊಟ್ಟೆ ಒಳಗೆಳೆದು ನಿಂತಾಗ ಅಳತೆ ತೆಗೆಯಬಾರದು, ನಡುನಡುವೆ "ಮೊಬೈಲು ಸರಿಯಾಗಿ ಇಟ್ಟಿದೀಯೇನೋ, ಪೆದ್ದಾ" ಎಂದು ನನಗೊಂದು ಬೈಗುಳ. ಎಲ್ಲ ಸೇರಿ ಒಂದೇ ಫೈಲು, ಹನ್ನೊಂದು ಜಿಬಿ. ಅಕ್ಕನ ದನಿ ಈಗ ಇರುವುದು ಅದರಲ್ಲಿ ಮಾತ್ರ.

ಅದನ್ನು ಈ ಡಿಸ್ಕಿಗೆ ಹಾಕಲು ಹೋದರೆ ಫೈಲು ತೀರ ದೊಡ್ಡದು ಎಂದಿತು. ಒಂಬೈನೂರು ಜಿಬಿ ಖಾಲಿ ಬಿದ್ದಿದೆ, ಹನ್ನೊಂದಕ್ಕೆ ಜಾಗವಿಲ್ಲವಂತೆ! ಡಿಸ್ಕಿಗೆ ಮೊದಲೇ ಮಾಡಿದ್ದ ಫಾರ್ಮ್ಯಾಟ್, ಅಂದರೆ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ಹಳೆಯದು, ಫ್ಯಾಟ್ ಥರ್ಟಿಟೂ ಅನ್ನುವುದು. ಡಿಸ್ಕ್ ಎಷ್ಟೇ ದೊಡ್ಡದಿರಲಿ, ನಾಲ್ಕು ಜಿಬಿಗೆ ಮೀರಿದ ಒಂದು ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಆಗ ನನಗೆ ಅಷ್ಟು ಗೊತ್ತಿರಲಿಲ್ಲ. ಗಡಿಯಾರ ರಿಪೇರಿ ಮಾಡುವವನ ಬುದ್ಧಿ ಎಲ್ಲಿಗೆ ಓಡುತ್ತದೆ ಹೇಳು? ನಲವತ್ತೈದು ನಿಮಿಷಕ್ಕೊಂದರಂತೆ ಮೂರು ತುಂಡು ಮಾಡಿದೆ. ಒಂದು ಸೆಕೆಂಡೂ ಹೆಚ್ಚುಕಡಿಮೆಯಿಲ್ಲ. ಪ್ರತಿಯೊಂದೂ ಶುರುವಾಗುತ್ತದೆಯೇ ಎಂದು ನೋಡಿದೆ. ಹೇಗೆ ಮುಗಿಯುತ್ತದೆ ಎಂದು ನೋಡಲಿಲ್ಲ. ಸಮನಾಗಿ ಕತ್ತರಿಸಿದೆನೆಂಬ ಜಂಬದಲ್ಲಿ ನಿನಗೆ ಕಳಿಸಿಬಿಟ್ಟೆ.

ನಿನ್ನ ಚೀಟಿಯನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಹೊಲಿಗೆ ನಿಲ್ಲಿಸಿ, ಮೊದಲ ತುಂಡಿನ ಕೊನೆಯನ್ನು ಹಾಕು ಎಂದು ಕೈಸನ್ನೆ ಮಾಡಿದಳು. ಹಾಕಿದೆ. "ನೀನು ಅಂಗಡಿ ಹಾಕ್ತೀನಿ ಅಂತ ಹೊರಟ ದಿನ ನಾನು ಬಾಗಿಲಿಗೆ ಬರಲಿಲ್ಲ. ಬರಬಾರದು ಅಂತಾನೇ ಒಳಗೆ ಕೂತಿದ್ದೆ." ಅಲ್ಲಿಗೆ ನಲವತ್ತೈದು ನಿಮಿಷ. ಕತ್ತಲೆ ಪರದೆ.

ನೀನು ಅಲ್ಲಿಗೇ ನಿಲ್ಲಿಸಿದೆ ಎಂದು ಇಬ್ಬರಿಗೂ ಗೊತ್ತಾಯಿತು. ನಾನಾಗಿದ್ದರೂ ನಿಲ್ಲಿಸುತ್ತಿದ್ದೆ.

ಅಕ್ಕ ಈಗ ಗುರುತು ಹಾಕುವ ಸೀಮೆಸುಣ್ಣದಿಂದ ಕಪ್ಪು ಬಟ್ಟೆಯ ಚೂರಿನ ಮೇಲೆ ಬರೆದು ಮಾತಾಡುತ್ತಾಳೆ. ಅವತ್ತು ಸುಣ್ಣ ಮುರಿಯುವಷ್ಟು ಒತ್ತಿ ಬರೆದಳು: "ಕತ್ತರಿ ಹಾಕೋ ಮೊದ್ಲು ಬಟ್ಟೆ ಪೂರ್ತಿ ಹರಡಿ ನೋಡ್ಬೇಕು ಅಂತ ಐವತ್ತು ವರ್ಷದಿಂದ ನೋಡ್ತಿಲ್ವಾ?" ಬಟ್ಟೆ ಕೊಡವಿ ಇನ್ನೊಂದು ಸಾಲು: "ಒಂದೇ ತುಂಡಾಗಿ ಕಳಿಸು."

ಒಂದೇ ತುಂಡಾಗಿ ಹೋಗಬೇಕಾದರೆ ಫಾರ್ಮ್ಯಾಟ್ ಬದಲಾಗಬೇಕು. ನನ್ನ ವಿಂಡೋಸ್ ಕಂಪ್ಯೂಟರು ತಾನಾಗಿ ತೋರಿಸಿದ್ದು ಎನ್‌ಟಿಎಫ್‌ಎಸ್. ಹಾಕಿದೆ, ಫೈಲು ಆರಾಮಾಗಿ ಕೂತಿತು. ಈ ಸಲ ಬುದ್ಧಿ ಕಲಿತಿದ್ದೆ. ನಿನ್ನ ಮನೆಯಲ್ಲಿರುವಂಥದೇ ಮ್ಯಾಕ್ ಎದುರುಮನೆ ಮೇಷ್ಟರ ಬಳಿ ಇದೆ, ಅಲ್ಲಿಗೆ ಒಯ್ದೆ. ಅವರು ಚುಚ್ಚಿ ನೋಡಿ ನಕ್ಕರು. "ಓದುತ್ತೆ, ಆದ್ರೆ ಇದರಲ್ಲಿ ಹೊಸದೇನೂ ಬರೆಯೋಕೆ ಬಿಡಲ್ಲ ಕಣ್ರೀ. ಮ್ಯೂಸಿಯಂ ಇದ್ದಹಾಗೆ. ನೋಡ್ಬೋದು, ಮುಟ್ಟೋ ಹಾಗಿಲ್ಲ." ನೋಡಿದರೆ ಸಾಕಲ್ಲ ಎಂದುಕೊಂಡು ಅಕ್ಕನಿಗೆ ಹೇಳಿದರೆ, ಸಾಕಾಗುವುದಿಲ್ಲ ಎಂದು ತಲೆಯಾಡಿಸಿದಳು. ಯಾಕೆಂದು ಕೊನೆಗೆ ಹೇಳುತ್ತೇನೆ.

ಕೊನೆಗೆ ಎಕ್ಸ್‌ಫ್ಯಾಟ್ ಎಂದು ತೀರ್ಮಾನವಾಯಿತು. ನಿನ್ನ ಅಂಗಡಿಯ ವಿಂಡೋಸಿನಲ್ಲೂ ಮನೆಯ ಮ್ಯಾಕಿನಲ್ಲೂ ಅದು ಓದುತ್ತದೆ, ಬರೆಯುತ್ತದೆ, ದೊಡ್ಡ ಫೈಲಿಗೆ ತಕರಾರಿಲ್ಲ. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಮೊದಲು ಮೂಲ ಫೈಲನ್ನು ನನ್ನ ಕಂಪ್ಯೂಟರಿನಲ್ಲೊಂದು, ಮೇಷ್ಟರದರಲ್ಲೊಂದು ಇಟ್ಟೆವು. ಅಕ್ಕಿಕಾಳಿಗಿಂತ ಸಣ್ಣ ತಿರುಪು ಬಿಚ್ಚುವ ಕೈ ನನ್ನದು. ಆದರೂ ಫಾರ್ಮ್ಯಾಟ್ ಬಟನ್ ಒತ್ತುವ ಮೊದಲು ಎರಡೂ ನಕಲು ತೆರೆದು ಮತ್ತೊಮ್ಮೆ ನೋಡಿದೆ. ಆಮೇಲೆ ಫೈಲನ್ನು ಡಿಸ್ಕಿಗೆ ಹಾಕಿ ಅಕ್ಕ, ನಾನು, ಮೇಷ್ಟರು ಮೂವರೂ ಕೂತು ಎರಡು ಗಂಟೆ ಹದಿನೈದು ನಿಮಿಷವನ್ನೂ ನೋಡಿದೆವು. ಮೇಷ್ಟರಿಗೆ ಈಗ ರವಿಕೆ ಕತ್ತರಿಸಲು ಬರುತ್ತದೆ.

ಒಂದು ಎಚ್ಚರಿಕೆ. ಎನ್‌ಟಿಎಫ್‌ಎಸ್ ತಾನು ಏನು ಮಾಡುತ್ತಿದ್ದೇನೆಂದು ದಿನಚರಿ ಬರೆದಿಟ್ಟುಕೊಳ್ಳುತ್ತದೆ, ನಡುವೆ ನಿಂತರೂ ಸುಧಾರಿಸಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ಅಭ್ಯಾಸವಿಲ್ಲ. ನಿನ್ನ ಹಾಗೆ, ಹೊರಟಿತೆಂದರೆ ಹೊರಟಿತು. ಅದಕ್ಕೇ ಕೇಬಲ್ಲನ್ನು ಸರಕ್ಕನೆ ಕೀಳಬೇಡ. ಮೊದಲು ಇಜೆಕ್ಟ್ ಒತ್ತು, ತೆಗೆಯಬಹುದು ಎಂದ ಮೇಲೆ ತೆಗೆ. ಯಾವುದಾದರೂ ಯಂತ್ರ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಅನ್ನು, ನನಗೆ ಫೋನ್ ಮಾಡು.

ನಲವತ್ತಾರನೆಯ ನಿಮಿಷದಲ್ಲಿ ಅಕ್ಕ ಹೇಳುವುದನ್ನು ಇಲ್ಲೇ ಬರೆದುಬಿಡಬಹುದಿತ್ತು. ಬರೆಯುವುದಿಲ್ಲ. ಅದನ್ನು ಅವಳ ದನಿಯಲ್ಲೇ ಕೇಳು. ನಾನು ಕಣ್ಣಾರೆ ಕಂಡದ್ದಷ್ಟನ್ನು ಹೇಳುತ್ತೇನೆ. ನೀನು ಹೊರಟ ದಿನ ಒಳಗಿನ ಕೋಣೆಯಿಂದ ಮಷೀನಿನ ಸದ್ದು ನಿಲ್ಲದೆ ಬರುತ್ತಿತ್ತಲ್ಲ? ನಿನ್ನನ್ನು ಬಸ್ಸು ಹತ್ತಿಸಿ ಬಂದು ನೋಡಿದೆ. ಮಷೀನು ಇನ್ನೂ ಓಡುತ್ತಿತ್ತು. ಸೂಜಿಯಲ್ಲಿ ದಾರ ಇರಲಿಲ್ಲ.

ಇನ್ನು, ನೋಡಲಷ್ಟೇ ಬರುವ ಡಿಸ್ಕ್ ಅಕ್ಕನಿಗೆ ಯಾಕೆ ಬೇಡವಾಯಿತು ಎಂಬುದು. ಸಾಕಾಗುವುದಿಲ್ಲ ಎಂದು ತಲೆಯಾಡಿಸಿದ ದಿನ ಅವಳು ಕಾರಣ ಬರೆದ ಕಪ್ಪು ಬಟ್ಟೆಯನ್ನು ಕೊಡವದೆ ಹಾಗೇ ಮಡಿಸಿ ಡಿಸ್ಕಿಗೆ ಸುತ್ತಿದ್ದೇನೆ. ದಾರಿಯಲ್ಲಿ ಅಕ್ಷರ ಅಳಿಸಿದ್ದರೆ ಇರಲಿ ಎಂದು ಇಲ್ಲೂ ಬರೆಯುತ್ತೇನೆ: "ಉಳಿದ ಜಾಗ ಅವಳದು. ಅವಳೂ ಮಾತಾಡಿ ಕಳಿಸ್ಲಿ. ನನಗೆ ಹೋಗಿರೋದು ದನಿ, ಕಿವಿ ಅಲ್ಲ."

ನಿನ್ನ ಕತ್ತರಿ ನೇರವಾಗಿ ನಡೆಯಲಿ, ಅಂಗಡಿ ತುಂಬಿರಲಿ, ಮಗಳೇ.

ಇನ್ನು ಮೇಲೆ ಕೊನೆಯವರೆಗೂ ನೋಡಿಯೇ ಕಳಿಸುವ,
ನಿನ್ನ ಗಡಿಯಾರದ ಮಾವ