ಪೆರುಮಾಳ್ ಹಾಕಿದ ಮೊದಲ ಉಪ್ಪಿನಕಾಯಿ

ಚಾಂಪಿಯನ್ ರೀಫ್ಸ್,
೯ ಮಾರ್ಚ್ ೨೦೨೫, ಭಾನುವಾರ

ಅಮ್ಮಾಜಿಗೆ,

ನಾನೇ, ಪೆರುಮಾಳ್. ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ನಮ್ಮ ಮದುವೆಯಾದ ಹೊಸದರಲ್ಲಿ ನೀನೇ ಕೂರಿಸಿಕೊಂಡು ತಿದ್ದಿಸಿದ ಕನ್ನಡ ಇದು, ಈಗಲೂ ನನ್ನ ಸಾಲು ಬಲಗಡೆ ಹೋಗುತ್ತಾ ಕೆಳಗೆ ಇಳಿಯುತ್ತದೆ. ಹರಿದುಹಾಕಬೇಕು ಅನ್ನಿಸಿದರೆ ಹರಿ, ಆದರೆ ಓದಿ ಹರಿ. ಫೋನ್ ಮಾಡಿದರೆ ನನ್ನ ಕೆಮ್ಮು ಕೇಳಿದೊಡನೆ ಕಟ್ ಮಾಡುತ್ತೀಯ. ಕಾಗದಕ್ಕೆ ಕೆಮ್ಮಿಲ್ಲವಲ್ಲ, ಅದಕ್ಕೇ ಬರೆದೆ.

ನಾನು ಚೆನ್ನಾಗಿದ್ದೇನೆ. ಅನ್ನ ಮಾಡಲು ಬರುತ್ತದೆ, ಸಾರು ದಿನಕ್ಕೊಂದು ಥರ ಬರುತ್ತದೆ. ನೀನು ಬೂದಿಕೋಟೆಯಲ್ಲಿ ನಿನ್ನ ಅಣ್ಣ ಬಚ್ಚಪ್ಪನ ಮನೆಯ ಎರಡು ಹಸು ನೋಡಿಕೊಂಡು ಚೆನ್ನಾಗಿದ್ದೀಯ ಅಂತ ಕೇಳಿದೆ. ನೋಡು, ಬಾ ಅಂತ ಕರೆಯಲು ಈ ಕಾಗದ ಬರೆಯುತ್ತಿಲ್ಲ. ಕರೆಯುವ ಮುಖ ನನಗಿಲ್ಲ. ಈ ವಯಸ್ಸಿನಲ್ಲಿ ನನಗೊಂದು ದೊಡ್ಡ ಆಶ್ಚರ್ಯವಾಗಿದೆ, ಅದನ್ನು ಹೇಳಿಕೊಂಡರೆ ಅರ್ಥವಾಗುವವರು ಗಣಿಯವರ ಈ ಲೈನುಮನೆಗಳಲ್ಲಿ ಯಾರೂ ಇಲ್ಲ.

ನಾನು ತೋಟ ಹಾಕಿದ್ದೇನೆ. ನಗಬೇಡ. ತೋಟ ಅಂದರೆ ಹಿತ್ತಲ ಸಿಮೆಂಟಿನ ಮೇಲೆ ಐದು ಪೇಂಟ್ ಡಬ್ಬ.

ಆದದ್ದು ಹೀಗೆ. ನೀನು ಬಿಟ್ಟುಹೋದ ನೆಲ್ಲಿಕಾಯಿ ಉಪ್ಪಿನಕಾಯಿಯ ಜಾಡಿ ಹೋದ ಯುಗಾದಿಯ ಹೊತ್ತಿಗೆ ತಳ ಕಂಡಿತು. ಕೊನೆಗೆ ಬಿಸಿ ಅನ್ನವನ್ನೇ ಜಾಡಿಯೊಳಗೆ ಹಾಕಿ ಒರೆಸಿಕೊಂಡು ತಿಂದೆ. ಮಾರನೆಯ ದಿನ ಅಂಗಡಿಯಿಂದ ಪ್ಯಾಕೆಟ್ ತಂದೆ, ಬಾಯಿಗಿಡಲಾಗಲಿಲ್ಲ. ಅವತ್ತು ಊಟದ ಮುಂದೆ ಕೂತು ಯೋಚಿಸಿದೆ. ಇಪ್ಪತ್ತಾರು ವರ್ಷ ಚಿನ್ನದ ಗಣಿಯೊಳಗೆ ಎರಡು ಮೈಲಿ ಆಳದಲ್ಲಿ, ಮೈ ಬೇಯುವ ಸೆಖೆಯಲ್ಲಿ, ಟಿಫನ್ ಕ್ಯಾರಿಯರ್ ಬಿಚ್ಚಿದಾಗಲೆಲ್ಲ ಅದರಲ್ಲಿ ನಿನ್ನ ಉಪ್ಪಿನಕಾಯಿ ಇರುತ್ತಿತ್ತು. ಜೊತೆ ಶಿಫ್ಟಿನ ಆರುಮುಗಂ ನನ್ನ ಡಬ್ಬಿಗೇ ಕೈ ಹಾಕುತ್ತಿದ್ದ. ಅದು ಎಲ್ಲಿಂದ ಬರುತ್ತದೆ, ಹೇಗಾಗುತ್ತದೆ ಅಂತ ನಾನು ಒಂದು ದಿನ ಕೇಳಿದವನಲ್ಲ. ಕೇಳದವನಿಗೆ ತಾನೇ ಮಾಡಿ ನೋಡುವುದೇ ಶಿಕ್ಷೆ ಅಂತ ತೀರ್ಮಾನಿಸಿದೆ. ಟೊಮ್ಯಾಟೊ ಬೆಳೆದು, ಅದರಿಂದಲೇ ಹಾಕುವುದು ಅಂತ ಆಯಿತು. ಲಾರಿಗಟ್ಟಲೆ ಟೊಮ್ಯಾಟೊ ಬೆಳೆಯುವ ಕೋಲಾರದ ಸೀಮೆಯಲ್ಲಿ ಡಬ್ಬದಲ್ಲಿ ಬೆಳೆಯುತ್ತೇನೆ ಅಂದರೆ ಯಾರು ನಗುವುದಿಲ್ಲ? ಎಲ್ಲರೂ ನಕ್ಕರು.

ಮೊದಲ ಕೆಲಸದಲ್ಲೇ ಮಣ್ಣು ಮುಕ್ಕಿದೆ. ಡಬ್ಬಕ್ಕೆ ಮಣ್ಣು ಬೇಕಲ್ಲ, ಎಲ್ಲಿಂದ ತರಲಿ? ಎದುರಿಗೇ ಇದೆಯಲ್ಲ ಸೈನೈಡ್ ದಿಬ್ಬ! ಕಲ್ಲಿಲ್ಲ, ಕಸವಿಲ್ಲ, ರಾಗಿ ಹಿಟ್ಟಿನ ಹಾಗೆ ನುಣ್ಣಗಿದೆ. ಚಿನ್ನವಿದ್ದ ಮಣ್ಣು, ಒಂದು ಟೊಮ್ಯಾಟೊ ಕೊಡದೇ ಇರುತ್ತದೆಯೇ ಅಂದುಕೊಂಡೆ. ಎರಡು ಚೀಲ ಹೊತ್ತು ತಂದು ಡಬ್ಬ ತುಂಬಿ, ಬೀಜ ಹಾಕಿ, ಮೂರು ವಾರ ನೀರು ಹಾಕಿದೆ. ಮೇಲೆ ಸಿಮೆಂಟಿನ ಹಾಗೆ ಹೆಪ್ಪುಗಟ್ಟಿತೇ ಹೊರತು ಒಂದು ಹುಲ್ಲೆಸಳೂ ಏಳಲಿಲ್ಲ.

ಆರುಮುಗಂ ಬಂದು ನೋಡಿದವನು ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡ. ‘ಏನ್ಲಾ ಪೆರುಮಾಳ್, ಅಷ್ಟು ವರ್ಷ ಮೈನ್ಸಾಗೆ ಇದ್ದು ಇಷ್ಟೂ ಗೊತ್ತಾಗ್ಲಿಲ್ವಾ? ವಿಷ ಕುಡ್ಸಿ ಚಿನ್ನ ಎಳ್ಕೊಂಡು ಬಿಸಾಕಿರೋ ಮಣ್ಣು ಕಣ್ಲಾ ಅದು, ಅದ್ರಾಗೆ ಏನೂ ಉಟ್ಟಲ್ಲ’ ಅಂದ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ದಿಬ್ಬದ ಧೂಳನ್ನು ಜೀವಮಾನವೆಲ್ಲ ಉಸಿರಾಡಿದವನು ನಾನು. ಆದರೆ ಮಣ್ಣು ಅಂದರೆ ನನ್ನ ತಲೆಯಲ್ಲಿ ಅದೊಂದೇ ಇತ್ತು ಅಮ್ಮಾಜಿ. ಬೇರೆ ಮಣ್ಣನ್ನು ನಾನು ಕೈಯಲ್ಲಿ ಹಿಡಿದೇ ಇರಲಿಲ್ಲ.

ಅದನ್ನೆಲ್ಲ ವಾಪಸ್ ದಿಬ್ಬಕ್ಕೇ ಸುರಿದು, ಹೊಸ ಡಬ್ಬ ತಂದೆ. ಬಂಗಾರಪೇಟೆ ರಸ್ತೆಯಲ್ಲಿ ಕದಿರಪ್ಪನ ಹೊಲವಿದೆಯಲ್ಲ, ಅವನು ಕೆಂಪು ಮಣ್ಣನ್ನೂ ಹಳೇ ಸಗಣಿ ಗೊಬ್ಬರವನ್ನೂ ಕೊಟ್ಟ. ಮಳೆ ಬಿದ್ದಿತ್ತು. ಆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಂತಿತು, ಬೆರಳು ಒತ್ತಿದರೆ ಪುಡಿಯಾಯಿತು, ಒಳಗಿಂದ ಒಂದು ಎರೆಹುಳು ಹೊರಟಿತು. ಕೆಳಗೆ ಅಷ್ಟು ಆಳದಲ್ಲಿ ನಾನು ಜೀವವಿರುವ ಒಂದು ಹುಳು ನೋಡಿದವನಲ್ಲ. ಹೊಲದಲ್ಲಿ ನಿಂತು ಬಹಳ ಹೊತ್ತು ಅದನ್ನೇ ನೋಡಿದೆ. ಕದಿರಪ್ಪ, ಈ ಮುದುಕನಿಗೆ ಏನೋ ಆಗಿದೆ ಅಂದುಕೊಂಡಿರಬೇಕು.

ಬೀಜ ಹಾಕಿದ ಏಳನೆಯ ಬೆಳಿಗ್ಗೆ ಮೊಳಕೆ ಬಂತು. ಎಷ್ಟು ಬಂತು, ಹೇಗೆ ಬಂತು ಅಂತ ಹೇಗೆ ಹೇಳಲಿ! ದಾರದಷ್ಟು ಸಣ್ಣ ದಂಟು, ಬಗ್ಗಿಕೊಂಡು, ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಹೊತ್ತುಕೊಂಡೇ ಮೇಲೆ ಬಂದಿತ್ತು. ಶಿಫ್ಟು ಮುಗಿಸಿ ಹೆಲ್ಮೆಟ್ ಸಮೇತ ಗಣಿಯ ಕೇಜಿನಲ್ಲಿ ಮೇಲೇರಿ ಬೆಳಕಿಗೆ ಬರುತ್ತಿದ್ದೆವಲ್ಲ, ಹಾಗೆ. ನನಗೆ ಕಣ್ಣಲ್ಲಿ ನೀರು ಬಂತು. ಹೇಳಿಕೊಳ್ಳಲು ನಾಚಿಕೆಯಿಲ್ಲ. ನೆಲದಿಂದ ಕೀಳುವುದಷ್ಟೇ ಗೊತ್ತಿದ್ದ ಕೈ ಇದು, ಮೊದಲ ಸಲ ನೆಲಕ್ಕೆ ಏನೋ ಕೊಟ್ಟಿತ್ತು, ನೆಲ ಅದನ್ನು ಇಟ್ಟುಕೊಳ್ಳದೆ ಹೆಚ್ಚಿಸಿ ವಾಪಸ್ ಕೊಟ್ಟಿತ್ತು.

ಆಮೇಲೆ ಎಲೆಗೆ ಮುದುಡು ರೋಗ ಬಂತು, ಎರಡು ಗಿಡ ಸತ್ತವು, ಒಂದನ್ನು ಹಂದಿ ಉರುಳಿಸಿತು. ಅದನ್ನೆಲ್ಲ ಬಿಡು. ಉಳಿದವು ಹೂ ಬಿಟ್ಟು, ಕಾಯಾಗಿ, ಹಣ್ಣಾದವು. ನಾನು ನೀರು ಹಾಕುತ್ತಾ ಅವುಗಳ ಹತ್ತಿರ ಮಾತಾಡಲು ಶುರುಮಾಡಿದ್ದೆ. ತಮಿಳಿನಲ್ಲಿ. ಅವು ಕೇಳಿಸಿಕೊಳ್ಳುತ್ತಿದ್ದವು ಅಂತಲೇ ನನ್ನ ನಂಬಿಕೆ.

ಉಪ್ಪಿನಕಾಯಿಯ ಕತೆ ಬೇರೆ. ಮೊದಲ ಸಲ ಹಣ್ಣು ಹೆಚ್ಚಿ, ಉಪ್ಪು ಖಾರ ಹಾಕಿ, ಚೆನ್ನಾಗಿ ತೊಳೆದ ಬಾಟಲಿಗೆ ಹಾಗೇ ತುಂಬಿಟ್ಟೆ. ತೊಳೆದದ್ದೇ ತಪ್ಪಾಯಿತು. ಒರೆಸಿ ಒಣಗಿಸಬೇಕು ಅಂತ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಬಿಳಿ ಬೂಷ್ಟು ಹತ್ತಿ ಕುಳಿತಿತ್ತು. ಪಕ್ಕದ ಮನೆಯ ನರಸಮ್ಮ ಮೂಸಿ ನೋಡಿ, ತೆಲುಗಿನಲ್ಲಿ ನನ್ನ ವಂಶವನ್ನೆಲ್ಲ ಹರಸಿ, ‘ನೀರು ತಗುಲಿದ್ರೆ ಓಯ್ತು ಅಣ್ಣಾ, ಕಣ್ಣೀರೂ ಬೀಳಬಾರ್ದು’ ಅಂದಳು.

ಎರಡನೆಯ ಸಲ ಅವಳು ಹೇಳಿದಂತೆ ಮಾಡಿದೆ. ಜಾಡಿಯನ್ನು ಬೋರಲು ಹಾಕಿ ಎರಡು ದಿನ ಬಿಸಿಲಿಗಿಟ್ಟೆ. ಹಣ್ಣಿನ ಹೋಳಿಗೆ ಉಪ್ಪು, ಅರಿಸಿನ ಬೆರೆಸಿ ಮುಚ್ಚಿ, ಮೂರು ದಿನ ಕತ್ತಲಲ್ಲಿಟ್ಟೆ. ತೆಗೆದು ನೋಡುತ್ತೇನೆ, ಹೋಳುಗಳು ಮುಳುಗುವಷ್ಟು ರಸ! ನಾನು ಒಂದು ಹನಿ ನೀರು ಹಾಕಿರಲಿಲ್ಲ. ಉಪ್ಪು ಒಳಗಿದ್ದದ್ದನ್ನೆಲ್ಲ ಹೊರಗೆ ಎಳೆಯುತ್ತದೆ. ಹೋಳನ್ನು ಹಿಂಡಿ ಶೀಟಿನ ಮೇಲೆ ಒಣಗಿಸಿದೆ, ರಸವನ್ನೂ ಬೇರೆ ಬಿಸಿಲಿಗಿಟ್ಟೆ, ಹುಣಸೆಹಣ್ಣು ಅದರಲ್ಲೇ ನೆನೆಹಾಕಿದೆ, ಮೆಂತ್ಯ ಸಾಸಿವೆ ಹುರಿದು ಕುಟ್ಟಿ ಖಾರದ ಪುಡಿಯ ಜೊತೆ ಬೆರೆಸಿ, ಎಣ್ಣೆ ಕಾಸಿ ಆರಿಸಿ ಹಾಕಿದೆ. ಒಂದು ಬುಟ್ಟಿ ಹಣ್ಣು ಒಂದು ಸಣ್ಣ ಜಾಡಿಯೊಳಗೆ ಹೋಯಿತು. ಎರಡು ತಿಂಗಳಾಯಿತು, ಕೆಟ್ಟಿಲ್ಲ. ದಿನವೂ ಮುಚ್ಚಳ ತೆಗೆದು ಬಾಗಿ ನೋಡುತ್ತೇನೆ. ಜನವರಿಯಲ್ಲಿ ಕಿತ್ತ ಹಣ್ಣು ಮಾರ್ಚಿನಲ್ಲಿ ಅದೇ ಕೆಂಪಿನಲ್ಲಿ ಕೂತಿದೆ ಅಂದರೆ ನಂಬಲಿಕ್ಕೇ ಆಗುವುದಿಲ್ಲ. ನೀನು ಇದನ್ನು ವರ್ಷಾವರ್ಷ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಏನೂ ದೊಡ್ಡದಲ್ಲ ಎನ್ನುವ ಹಾಗೆ ಮಾಡುತ್ತಿದ್ದೆ. ನಾನು ಹತ್ತಿರದಲ್ಲೇ ಕೂತು ಪೇಪರ್ ಓದುತ್ತಿದ್ದೆ.

ಈಗ ಹಿತ್ತಲಲ್ಲಿದ್ದ ನಿನ್ನ ನೆಲ್ಲಿ ಮರದ ಮಾತು. ತಪ್ಪಿಸಿಕೊಂಡು ಇಷ್ಟು ದೂರ ಬಂದೆ, ಇನ್ನು ಆಗುವುದಿಲ್ಲ.

ನೆಲ್ಲಿ ಎಲೆ ಉದುರಿ ನೀರಿನ ಡ್ರಮ್ಮು ಹಾಳಾಗುತ್ತದೆ, ಅದಕ್ಕೇ ಕಡಿಸಿದೆ ಅಂತ ಊರಿಗೆಲ್ಲ ಹೇಳಿದೆ. ಡ್ರಮ್ಮಿಗೆ ಒಂದು ಮುಚ್ಚಳ ಸಾಕಿತ್ತು. ನಿಜ ಏನೆಂದರೆ, ಗಣಿ ಮುಚ್ಚಿ, ಬೆಂಗಳೂರಿನ ವಾಚ್‌ಮನ್ ಕೆಲಸವೂ ಬಿಟ್ಟು ನಾನು ಮನೆಯಲ್ಲಿ ಕೂತ ಮೇಲೆ, ಬೆಳಿಗ್ಗೆ ಎದ್ದು ನೀನು ಮೊದಲು ಹೋಗುತ್ತಿದ್ದದ್ದು ಆ ಮರದ ಹತ್ತಿರ. ಅದರ ಜೊತೆ ನಗುತ್ತಿದ್ದೆ, ಮಾತಾಡುತ್ತಿದ್ದೆ. ನನ್ನ ಮುಂದಾದರೆ ಬರೀ ಕಾಫಿ ಲೋಟ ಇಟ್ಟು ಹೋಗುತ್ತಿದ್ದೆ. ನನಗೆ ಮರದ ಮೇಲೆ ಹೊಟ್ಟೆಕಿಚ್ಚಾಯಿತು. ಇಷ್ಟೇ. ಮರವಾದರೂ ನಿನ್ನ ಮಾತು ಕೇಳುತ್ತಿತ್ತು, ನಾನು ಕೇಳುತ್ತಿರಲಿಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ಕಡಿಸಿದ ದಿನ, ತುಳಸಿ ಹಬ್ಬಕ್ಕೆ ಇನ್ನು ಮೂರೇ ದಿನ ಇತ್ತು. ಕೊಂಬೆಗಳೆಲ್ಲ ಹಿತ್ತಲ ತುಂಬ ಬಿದ್ದಿದ್ದವು. ನೀನು ಅದರಲ್ಲಿ ಒಂದನ್ನೂ ಮುಟ್ಟಲಿಲ್ಲ. ತುಳಸಿ ಪಕ್ಕ ನೆಡಲು ಒಂದು ನೆಲ್ಲಿ ರೆಂಬೆ ಕೇಳಿಕೊಂಡು ಆಚೆ ಗಣಿಯ ಮೈಸೂರು ಮೈನ್ಸ್ ಲೈನಿನವರೆಗೆ ನಡೆದು ಹೋದೆ. ಪೂಜೆ ಮಾಡಿದೆ, ನನಗೂ ಪ್ರಸಾದ ಕೊಟ್ಟೆ, ಮಾರನೆಯ ಬೆಳಿಗ್ಗೆ ಬ್ಯಾಗು ಹಿಡಿದು ಹೊರಟೆ. ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅದು ಆಗಿ ಒಂದು ವರ್ಷ ನಾಲ್ಕು ತಿಂಗಳು.

ತಪ್ಪಾಯಿತು ಅಮ್ಮಾಜಿ. ಒಂದು ಗಿಡ ಹಣ್ಣಾಗುವುದು ಎಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಗೊತ್ತಾದ ಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡದಾಗಿ ಕಾಣುತ್ತಿದೆ.

ಬಚ್ಚಪ್ಪನಿಗೆ ನನ್ನ ನಮಸ್ಕಾರ ಹೇಳು, ಹೇಳಬೇಕೆನ್ನಿಸಿದರೆ.

ನಿನ್ನ ಮರ ಕಡಿದವನು,
ಪೆರುಮಾಳ್

ತಾ.ಕ.: ಕವರಿನ ಮೇಲೆ ಸ್ಟಾಂಪು ಹುಡುಕಬೇಡ, ಇದನ್ನು ಅಂಚೆಗೆ ಹಾಕಲಿಲ್ಲ. ಈ ನಾಲ್ಕು ಸಾಲನ್ನು ಸೋಮವಾರ ಸಾಯಂಕಾಲ ಬೂದಿಕೋಟೆ ಬಸ್‌ಸ್ಟಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಬಚ್ಚಪ್ಪನ ಸೊಸೆ ಶ್ಯಾಮಲ ಡೈರಿಗೆ ಹಾಲು ಹಾಕಲು ಬಂದಿದ್ದಾಳೆ, ಅವಳ ಕೈಲೇ ಕಳಿಸುತ್ತೇನೆ. ನಾನು ಹೀಗೆ ಬಂದದ್ದು ಇದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ನೀನು ಹಾಲಿನ ಕ್ಯಾನು ಹಿಡಿದು ಬರುವುದನ್ನು ದೂರದಿಂದ ನೋಡಿ, ಬಂದ ಬಸ್ಸಿಗೇ ಹಿಂದಿರುಗಿದೆ. ಕರೆಯಲು ಬರೆಯುತ್ತಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಬಂಗಾರಪೇಟೆಗೆ ಕೊನೇ ಬಸ್ಸು ಆರೂವರೆಗಂತೆ, ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ. ಜೊತೆಗೆ ಬರಲು ಮನಸ್ಸಿಲ್ಲದಿದ್ದರೆ, ಬೈಯುವುದಕ್ಕಾದರೂ ಬಾ.