ರಮಾನಾಥಣ್ಣನ ಸಹಿ

ನವೆಂಬರ್ 14, ಶುಕ್ರವಾರ. ಚೆಂಬೂರು.

ಸತ್ತವರ ಸಹಿ ಹಾಕಿ ಬಂದಿದ್ದೇನೆ. ಊಟ ಸೇರಲಿಲ್ಲ.

ನಮ್ಮ ಹೋಟೆಲ್ ಕಂಪನಿ ಧಣಿಯ ಮಗ ಸಂದೀಪನಿಗೆ ಹೊಸ ಶೇರು ಕೊಟ್ಟಿದೆ. ಅದರ ವರದಿ ಇವತ್ತೇ ಸರಕಾರಕ್ಕೆ ಹೋಗಬೇಕಿತ್ತು, ಧಣಿ ರಮಾನಾಥಣ್ಣನ ಡಿಜಿಟಲ್ ಸಹಿಯೊಂದಿಗೆ. ಅಣ್ಣ ತೀರಿಕೊಂಡು ವಾರವಾಯಿತು. ಸಹಿಯ ಪೆನ್‌ಡ್ರೈವ್ ಮಾತ್ರ ಎಂದಿನಂತೆ, ಕಂಪನಿಯ ಕಾಗದಪತ್ರ ನೋಡುವ ನನ್ನ ಡ್ರಾಯರಿನಲ್ಲೇ ಇದೆ.

"ಹಾಕಿಬಿಡಿ ವಿಜೇತಕ್ಕ, ಸರಕಾರದ ಪೋರ್ಟಲ್‌ಗೆ ಕ್ಯಾ ಮಾಲೂಮ್, ಅಪ್ಪ ಇಲ್ಲ ಅಂತ?" ಎಂದ ಸಂದೀಪ.

ಸಹಿ ಹಾಕುವ ಮೊದಲು ಅಣ್ಣನಿಗೆ ಫೋನ್ ಮಾಡಿ ಕೇಳುವುದು ನನ್ನ ರೂಢಿ. ಇವತ್ತೂ ಕೈ ತಾನಾಗಿ ಅವರ ನಂಬರ್ ಒತ್ತಿತು. ಎತ್ತಿದ್ದು ಅವರ ಹೆಂಡತಿ, ಸೇವಂತಿ ಅಕ್ಕ.

"ಅವರ ಹತ್ರ ಏನಾದ್ರೂ ಕೇಳ್ಲಿಕ್ಕಿತ್ತಾ ಮಗಾ?" ಅಣ್ಣ ಪಕ್ಕದ ಕೋಣೆಯಲ್ಲಿದ್ದಾರೆ ಎನ್ನುವ ಹಾಗೆ ಕೇಳಿದರು. "ಬೊಜ್ಜದ ದಿನ, ಉತ್ತರಕ್ರಿಯೆಗೆ, ಬಾಗಿಲು ತೆಗೆದು ಅವರನ್ನು ಹೆಸರು ಹಿಡಿದು ಒಳಗೆ ಕರೀತೇವಲ್ಲ, ಆಗ ಬಾ."

ಏನಿಲ್ಲ ಅಕ್ಕ ಎಂದು ಫೋನ್ ಇಟ್ಟೆ. ಸಹಿ ಹಾಕಿದೆ. ಪರದೆಯ ಮೇಲೆ ಅಣ್ಣನ ಪೂರ್ತಿ ಹೆಸರು ಮೂಡಿತು. ಪೋರ್ಟಲ್ ತಕರಾರಿಲ್ಲದೆ ಒಪ್ಪಿಕೊಂಡಿತು.

ಅಕ್ಕ ಕರೆಯುವ ಮೊದಲೇ ನಾನು ಅಣ್ಣನನ್ನು ಹೆಸರು ಹಿಡಿದು ಕರೆದುಬಿಟ್ಟೆ. ಅವರು ಬಂದೂಬಿಟ್ಟರು. ಇನ್ನು ಬೊಜ್ಜದ ದಿನ ಆ ಬಾಗಿಲಲ್ಲಿ ಯಾವ ಮುಖ ಇಟ್ಟುಕೊಂಡು ನಾನು ನಿಲ್ಲಲಿ?