ಮಂಜಿ ಕಟ್ಟಿದವರ ಹೆಸರು

ಅಲ್ ಖುವೈರ್, ಮಸ್ಕತ್
18 ಜನವರಿ 2025

ಪ್ರೀತಿಯ ವಾರಿಜಕ್ಕನಿಗೆ,

ಸುಕೇಶ ಮಾಡುವ ನಮಸ್ಕಾರ. ಬಾವನಿಗೂ ತಿಳಿಸು. ಮೂರು ವಾರಗಳಿಂದ ನೀನು ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದ್ದೇನೆ, ಕೊನೆಯದರಲ್ಲಿ ಬೈದದ್ದನ್ನೂ ಸೇರಿಸಿ. ಬೈದದ್ದು ಸರಿಯೇ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕುತ್ತಿ, ಪಕ್ಕದಲ್ಲಿ ಮಲಗಿದ ಅಪ್ಪನ ಕಾಲು ಸೋತಿರಬಹುದು, ಕಿವಿ ಸೋತಿಲ್ಲ. ಅದಕ್ಕೇ ಈ ಕಾಗದ. ರುಸೈಲಿನ ಫ್ಯಾಕ್ಟರಿಯಲ್ಲಿರುವ ನೊರ್ಬರ್ಟ್ ರಜೆಯಲ್ಲಿ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದರ ಜೊತೆ ಒಂದು ಡಬ್ಬಿ ಹಲ್ವಾ ಕೊಟ್ಟಿದ್ದೇನೆ. ಸಕ್ಕರೆ ಕಾಯಿಲೆಯ ಅಪ್ಪನ ಕಣ್ಣಿಗೆ ಬೀಳದ ಹಾಗೆ ಇಡು.

“ಮಂಜಿ ನೀರಿಗೆ ಇಳಿಸುವಾಗ ಹೆಸರು ಕರೆದರಂತಾ? ಕರೆದದ್ದು ಯಾರಂತೆ?” ಎಂದು ಅಪ್ಪ ದಿನಾ ಕೇಳುತ್ತಾರೆಂದು ಹೇಳಿದೆಯಲ್ಲ, ಅದರ ಸುದ್ದಿಯನ್ನೇ ಬರೆಯುತ್ತೇನೆ.

ಇಲ್ಲಿಯ ಸೂರ್ ಬಂದರಿನಲ್ಲಿ ಅಪ್ಪ ಇಪ್ಪತ್ತಾರು ವರ್ಷ ಮರ ಕೆತ್ತುವ ಬಾಚಿ ಹಿಡಿದು ಕೂತಿದ್ದ ಅಂಗಳವೇ ಈಗ ನಮ್ಮ ಕಂಪೆನಿಯ ‘ಹೆರಿಟೇಜ್ ಯಾರ್ಡ್’. ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಬಿಳಿಯರಿಗೆ ಐದು ದಿನದಲ್ಲಿ ಸಾವಿರ ವರ್ಷ ತೋರಿಸುವ ಪಟ್ಟಿ ಬರೆಯುವುದು. ಬೆಳಿಗ್ಗೆ ನಿಜ್ವಾದ ಕೋಟೆ, ಮಧ್ಯಾಹ್ನ ಬಹ್ಲಾದ ಮಡಕೆ, ಸಂಜೆಗೆ ಮರಳು ದಿಬ್ಬದ ಮೇಲೆ ಒಂದು ಒಂಟೆ, ಒಂದು ಸೂರ್ಯಾಸ್ತ. ಈ ವರ್ಷ ಆ ಪಟ್ಟಿಗೆ ಸೂರ್ ಸೇರಿತು. ಅಪ್ಪ ಕಟ್ಟಿದ ಕೊನೆಯ ಹಾಯಿಹಡಗು, ಆ ಮಂಜಿ, ನೀರು ಕಾಣದೆ ಹದಿಮೂರು ವರ್ಷದಿಂದ ದಡದಲ್ಲೇ ಒಣಗುತ್ತಿತ್ತು. ಅದಕ್ಕೆ ಎಣ್ಣೆ ಬಳಿದು, ಕುಶನ್ ಕೂರಿಸಿ, ಪ್ರವಾಸಿಗರನ್ನು ಸುತ್ತಾಡಿಸಲು ಸಜ್ಜು ಮಾಡಿದರು.

ಯಾರ್ಡಿನ ಪ್ರದರ್ಶನದ ಕೋಣೆಯೊಳಗೆ ಗೋಡೆ ತುಂಬ ‘ಕೂಡಿ ಬೆಳೆದ ಸಂಸ್ಕೃತಿ’ಯ ವರ್ಣನೆ. ಜಾಂಜಿಬಾರಿನ ಲವಂಗ, ಬಲೂಚಿ ಹೆಂಗಸರ ಕಸೂತಿ, ಎಲ್ಲಕ್ಕೂ ಗಾಜಿನ ಪೆಟ್ಟಿಗೆ ಉಂಟು. ಮಂಜಿಯ ಫಲಕ ಹೀಗಿದೆ: ಮರ, ಮಲಬಾರಿನ ತೇಗ. ಹಗ್ಗ, ಅಲ್ಲಿಯದೇ ತೆಂಗಿನ ನಾರು. ಕಟ್ಟಿದವರು, ಸಾಂಪ್ರದಾಯಿಕ ಕುಶಲಕರ್ಮಿಗಳು. ನೋಡಿದೆಯಾ ಅಕ್ಕ? ಮರಕ್ಕೆ ಊರುಂಟು, ಹಗ್ಗಕ್ಕೆ ಊರುಂಟು, ಮನುಷ್ಯನಿಗೆ ಒಂದು ಹೆಸರೂ ಇಲ್ಲ. ಪಕ್ಕದಲ್ಲೇ ಆಳೆತ್ತರಕ್ಕೆ ಅಪ್ಪನ ಫೋಟೋ. ಬನಿಯನ್ ಹಾಕಿಕೊಂಡು ಹಲಗೆ ಕೆತ್ತುತ್ತಿದ್ದಾರೆ. ನಮ್ಮ ತೃಷಾ ಅದರ ಮುಂದೆ ನಿಂತು, “ಪಪ್ಪಾ, ಹಿ ಲುಕ್ಸ್ ಲೈಕ್ ಅಜ್ಜ” ಎಂದಳು. ಜನ ಕಾಯುತ್ತಿದ್ದಾರೆ, ಮುಂದೆ ನಡೆ ಎಂದೆ.

ಹೆಸರು ಕೂಗುವ ಪದ್ಧತಿ ನಿನಗೆ ನನಗಿಂತ ಚೆನ್ನಾಗಿ ನೆನಪಿರಬೇಕು. ಆ ಅಂಗಳದ ಯಜಮಾನ ಮುಬಾರಕ್, ಅಪ್ಪನ ವೀಸಾಕ್ಕೆ ಜಾಮೀನು ನಿಂತ ಕಫೀಲ್, ಮಂಜಿಗೆ ನೀರು ತಾಗುವ ಮುಂಚೆ ಕಟ್ಟಿದವನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಕೂಗುತ್ತಿದ್ದರಂತೆ. ನೆರೆದವರೆಲ್ಲ “ಮೌಜೂದ್!” ಎನ್ನಬೇಕು, ಇದ್ದಾನೆ ಎಂದು. ಇದಕ್ಕೆ ಮುಂಚೆ ಇಪ್ಪತ್ತೊಂದು ಮಂಜಿ, ಇಪ್ಪತ್ತೊಂದು ಸಲ. ಅಪ್ಪ ರಜೆಯಲ್ಲಿ ಬಂದಾಗ ನಮ್ಮ ಬೆಂಗ್ರೆಯ ನೀರಿನಲ್ಲಿ ಹಾಳೆಯ ದೋಣಿ ತೇಲಿಸಿ ನಮ್ಮಿಂದಲೂ ಕೂಗಿಸುತ್ತಿದ್ದರು. ಅಪ್ಪನ ಹೆಸರನ್ನು ಪೆಟ್ಟು ತಿನ್ನದೆ ಹೇಳಬಹುದಾದ ಹೊತ್ತು ಅದೊಂದೇ. “ಗುರುವ!” ಎಂದು ನೀನು ಕೂಗುವುದು, “ಮೌಜೂದ್!” ಎಂದು ನಾನು ಕಿರುಚುವುದು. ಅಮ್ಮ ಬಾಗಿಲಲ್ಲಿ ನಿಂತು, “ಎಂತ ಮರ್ಯಾದೆ ಇಲ್ಲದ ಮಕ್ಕಳಪ್ಪ!” ಎನ್ನುತ್ತಿದ್ದಳು, ನಗುತ್ತಾ.

ಡಿಸೆಂಬರಿನ ಕೊನೆಯ ಗುರುವಾರ ಮಂಜಿ ಇಳಿಯಿತು. ಮುಬಾರಕ್‌ರನ್ನು ಗಾಲಿ ಕುರ್ಚಿಯಲ್ಲಿ ಕರೆತಂದಿದ್ದರು. ಎಂಬತ್ತೈದು ದಾಟಿದೆ, ನೆನಪು ಕೈಕೊಟ್ಟಿದೆ. ಹಲಗೆಯ ಮೇಲೆ ಅಂಗೈ ಆಡಿಸಿದರು. ಆಮೇಲೆ “ಯಾ ಉಸ್ತಾದ್!” ಎಂದರು, ಓ ಮೇಸ್ತ್ರಿ ಎಂದು, ಅಷ್ಟೇ. ಹೆಸರು ಬರಲಿಲ್ಲ. ಯಾರೂ ಮೌಜೂದ್ ಎನ್ನಲಿಲ್ಲ. ಯಾರೋ “ಯಲ್ಲಾ, ಯಲ್ಲಾ” ಎಂದು ಅವಸರ ಮಾಡಿದರು, ಮಂಜಿ ಇಳಿಯಿತು, ಬಿಳಿಯರು ಚಪ್ಪಾಳೆ ತಟ್ಟಿದರು. ಹತ್ತಿದ ಏಣಿ ಒದೆಯುವುದೆಂದರೆ ಇದೇ ಅಲ್ಲವೇ? ಒಬ್ಬನ ಬೆವರನ್ನು ಪರಂಪರೆ ಎಂದು ಟಿಕೆಟ್ ಇಟ್ಟು ತೋರಿಸುತ್ತಾರೆ, ಅವನು ಯಾರೆಂದು ತಿಳಿಯುವ ಪುರುಸೊತ್ತು ಯಾರಿಗೂ ಇಲ್ಲ. ನನಗೆ ಈ ಊರೇ ಸಾಕಾಗಿದೆ. ಆ ಸಿಟ್ಟಿಗೆ ಮೂರು ವಾರ ನಿದ್ದೆ ಇಲ್ಲ.

ಅಪ್ಪನಿಗೆ ನಿಜ ಹೇಳಬೇಡ. ಕೂಗಿದರು, ಇಡೀ ದಡ ಮೌಜೂದ್ ಎಂದಿತು ಎಂದು ಹೇಳು. ಇಷ್ಟು ಸುಳ್ಳಿಗೆ ನಿನ್ನ ನಾಲಗೆಯೇನೂ ಬಿದ್ದುಹೋಗುವುದಿಲ್ಲ.

ಅಪ್ಪನ ಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಅಕ್ಷಿತ್ ಪರೀಕ್ಷೆಗೆ ಚೆನ್ನಾಗಿ ಓದಲಿ, ಮಾವನ ಆಶೀರ್ವಾದ ಯಾವತ್ತೂ ಅವನ ಮೇಲಿದೆ ಎಂದು ಹೇಳು. ಎಲ್ಲರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಸುಕೇಶ

ಮರೆತ ಮಾತು ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ, ಅಕ್ಕ. ಫಲಕದ ಬರಹ ನನ್ನದೇ. ಹೆಸರನ್ನು ಯಾರೂ ಹೊಡೆದುಹಾಕಲಿಲ್ಲ, ನಾನೇ ಬರೆಯಲಿಲ್ಲ. “ಯಾ ಉಸ್ತಾದ್” ಎಂದಮೇಲೆ ಮುಬಾರಕ್ ಕುರ್ಚಿ ತಿರುಗಿಸಿಕೊಂಡು, “ಮಂಗಳೂರ್‌ವಾಲಾ ಥಾ... ನಾಮ್ ಕ್ಯಾ ಥಾ? ಕೋಯಿ ಜಾನ್ತಾ ಹೈ?” ಎಂದು ಕಂಪೆನಿಯವರು ನಿಂತ ನಮ್ಮ ಸಾಲಿನವರನ್ನೇ ಆ ಹೆಸರು ಕೇಳಿದರು. ಕೈ ಎತ್ತಿ ಎರಡು ಸಲ ಕೇಳಿದರು. ನಾನು ಹತ್ತು ಮಾರು ದೂರದಲ್ಲಿ ಟೈ ಕಟ್ಟಿಕೊಂಡು ಮ್ಯಾನೇಜರನ ಪಕ್ಕ ನಿಂತಿದ್ದೆ. ಹನ್ನೊಂದು ವರ್ಷದ ಹಿಂದೆ ಇದೇ ಮ್ಯಾನೇಜರನಿಗೆ, ನಮ್ಮ ತಂದೆ ಶಿಪ್ಪಿಂಗ್ ಕಂಪೆನಿಯಲ್ಲಿ ಆಫೀಸರ್ ಆಗಿದ್ದರು ಎಂದು ಹೇಳಿದ್ದೆ. ಈಗ ಬನಿಯನ್ ಹಾಕಿದ ಆ ಮನುಷ್ಯ ನನ್ನ ಅಪ್ಪ ಎಂದು ಹೇಗೆ ಹೇಳಲಿ? ಫೋನ್ ತೆಗೆದು ನೋಡುತ್ತಾ ನಿಂತೆ. ಮುದುಕ ಕಾದು ಕಾದು ಕೈ ಇಳಿಸಿದರು.

ಅಪ್ಪ ನಿನ್ನನ್ನು ಸುಲಭಕ್ಕೆ ಬಿಡುವುದಿಲ್ಲ. ಕರೆದದ್ದು ಯಾರಂತೆ ಎಂದು ಕೇಳಿಯೇ ಕೇಳುತ್ತಾರೆ. ಯಾರ ಹೆಸರನ್ನು ಬೇಕಾದರೂ ಹೇಳು. ಸುಕೇಶ ಕರೆದ ಎಂದು ಮಾತ್ರ ಹೇಳಬೇಡ, ಅಪ್ಪ ನಂಬಿಬಿಡುತ್ತಾರೆ.